ಕೂತವ್ವನ ದರೆ

ಹೊಯ್ಗೆಕೇರಿಯ ಅಳಿವೆಯಲ್ಲಿ ಬಸ್ಸಿಳಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಸಮುದ್ರವಲ್ಲ, ಬಡಗು ದಿಕ್ಕಿಗೆ ಕಡಲೊಳಗೆ ಮೂಗು ಚಾಚಿಕೊಂಡು ನಿಂತ ಕೆಂಪು ದರೆ. ಮುರಕಲ್ಲಿನ ಆ ಕಡಿದಾದ ಗೋಡೆಯ ಬುಡದಲ್ಲಿ ತೆರೆ ಒಡೆಯುವ ಸದ್ದು ಬಸ್ಸಿನ ಸದ್ದು ನಿಂತ ಮೇಲೆ ನಿಧಾನವಾಗಿ ಕೇಳಿಸತೊಡಗುತ್ತದೆ. ಈಚಿನ ವರ್ಷಗಳಲ್ಲಿ ಬೆನ್ನಿಗೆ ಚೀಲ, ಕಾಲಿಗೆ ದಪ್ಪ ಬೂಟು ಏರಿಸಿಕೊಂಡು ನಡೆಯುವುದಕ್ಕೆಂದೇ ಇಲ್ಲಿಗೆ ಬರುವವರು ಹೆಚ್ಚಾಗಿದ್ದಾರೆ. ಒಂದು ಹಗಲಿನ ಸುತ್ತು ಅದು. ಹೊಯ್ಗೆಕೇರಿಯಿಂದ ಹೊರಟು ಗುಡ್ಡದ ಮೇಲಿನ ಗಾಳಿಬೇಣ ಊರಿಗೆ ಹತ್ತಿ, ಕಡಲನ್ನು ಎಡಗೈಗೆ ಇಟ್ಟುಕೊಂಡು ದರೆಯ ನೆತ್ತಿಯಲ್ಲೇ ನಡೆದು, ಆಚೆ ಕೋಣನಜಡ್ಡಿಗೆ ಇಳಿದು, ಗೇರುಮರಗಳ ನಡುವೆ ಉಪ್ಪಿನಹಳ್ಳಕ್ಕೂ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಬದುವಿನ ಮೇಲೆ ಮುಂಡಿಗೆಗದ್ದೆಗೂ ಬಂದು, ಸಂಜೆಯ ಹೊತ್ತಿಗೆ ಮತ್ತೆ ಹೊಯ್ಗೆಕೇರಿಯ ಮರಳಿಗೇ ತಲುಪುವುದು. ಯಾರಾದರೂ ಗೊತ್ತಿಲ್ಲದೆ ತಿರುವುಮುರುವಾಗಿ, ಮುಂಡಿಗೆಗದ್ದೆಯ ಕಡೆಯಿಂದ ಹೊರಟರೆ ಊರವರು ತಡೆದು ನಿಲ್ಲಿಸುತ್ತಾರೆ. 'ಆ ಬದಿಯಿಂದ ಬೇಡ, ಈ ಬದಿಯಿಂದ ಹೋಗಿ' ಎನ್ನುತ್ತಾರೆ. ಕಾರಣ ಕೇಳಿದರೆ ಹೇಳುವುದಿಲ್ಲ, ಬಸ್‌ಸ್ಟ್ಯಾಂಡಿನ ಎದುರು ಚಹಾದಂಗಡಿ ಇಟ್ಟ ಪಾರ್ವತಕ್ಕ ಮಾತ್ರ ಇನ್ನೊಂದು ಮಾತು ಸೇರಿಸುತ್ತಾಳೆ: "ದರೆ ಮೂಗಿನ್ ಮೇಲೆ ಒಂದ್ ಗಳಿಗೆ ಕೂತ್ಕಂಡೇ ಬನ್ನಿ, ಹಾಂ? ದಣಿವಾಗ್ಲಿಲ್ಲ ಅಂದ್ಕಂಡ್ ಹಂಗೇ ಬರ್ಬೇಡಿ."

ದರೆಯ ಮೂಗಿನ ಮೇಲೆ, ಬಯಲು ಬಂಡೆಯಲ್ಲಿ, ಕೂರಲು ಹೇಳಿ ಮಾಡಿಸಿದಂತಹ ಒಂದು ತಗ್ಗು ಇದೆ. ಅದರ ಮುಂದೆ, ಕೂತವರು ಕಾಲು ಚಾಚಿದರೆ ಹಿಮ್ಮಡಿ ಮುಟ್ಟುವಲ್ಲಿ, ಎರಡು ಗುಳಿಗಳು. ಮಳೆಗಾಲದಲ್ಲಿ ಅವುಗಳಲ್ಲಿ ನೀರು ನಿಂತು ಆಕಾಶ ಕಾಣುತ್ತದೆ. ಈ ಜಾಗಕ್ಕೆ ಕೂತವ್ವನ ದರೆ ಎಂದು ಹೆಸರು. ಹೆಸರು ಕೇಳಿ, ಅವ್ವನ ಗುಡಿ ಎಲ್ಲಿ ಎಂದು ಹುಡುಕುವವರಿದ್ದಾರೆ. ಗುಡಿ ಇಲ್ಲ, ಮೂರ್ತಿ ಇಲ್ಲ, ಒಂದು ಕುಂಕುಮದ ಬೊಟ್ಟೂ ಇಲ್ಲ. ಕೂತವ್ವ ದೇವರಾಗಲಿಲ್ಲ, ಆಗುವಂತಹ ಹೆಂಗಸೂ ಅಲ್ಲ. ಅವಳ ಬಾಯಿ ಬಲು ಜೋರು ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಕರಾವಳಿಗೆ ರಸ್ತೆ ಎಂಬುದು ಬರುವುದಕ್ಕೂ ಎಷ್ಟೋ ಕಾಲ ಮೊದಲು, ಈ ಊರುಗಳನ್ನು ಸುತ್ತುವ ದಾರಿ ಇದ್ದದ್ದು ಒಂದೇ ಕೆಲಸಕ್ಕಾಗಿ: ಸಾವಿನ ಸುದ್ದಿ ಹೇಳುವುದಕ್ಕಾಗಿ. ಊರಿಂದೂರಿಗೆ ಹೆಣ್ಣು ಕೊಟ್ಟು ತಂದು ಎಲ್ಲರೂ ಎಲ್ಲರಿಗೂ ನೆಂಟರೇ ಆಗಿದ್ದುದರಿಂದ ಒಂದು ಕಡೆ ಸತ್ತರೆ ಎಲ್ಲ ಕಡೆ ಸೂತಕ. ಆ ಸುದ್ದಿ ಒಯ್ಯುವ ಹಕ್ಕು ಹೊಯ್ಗೆಕೇರಿಯ ಕೋಲುಮನೆಯವರದ್ದು. ಹಕ್ಕು ಎನ್ನುವುದಕ್ಕಿಂತ ಹೊರೆ ಎನ್ನಬೇಕು. ಸುದ್ದಿಯ ಕೋಲು ಹಿಡಿದವರು ಕಡಲ ದಿಕ್ಕು ಬಿಟ್ಟು ಮುಂಡಿಗೆಗದ್ದೆಯಿಂದ ಶುರುಮಾಡಿ ಎಡಸುತ್ತಾಗಿ ನಡೆಯಬೇಕು. ಪ್ರತಿ ಮನೆಯ ದಣಪೆಯ ಹೊರಗೆ, ಅಂದರೆ ಅಂಗಳಕ್ಕೆ ದನ ನುಗ್ಗದಂತೆ ಅಡ್ಡ ಹಾಕಿದ ಬಿದಿರಗಳುವಿನ ಹೊರಗೆ, ನಿಂತು ಕೋಲಿನಿಂದ ಗಳುವನ್ನು ಬಡಿದು ಸತ್ತವರ ಹೆಸರು ಹೇಳಬೇಕು. ಬೇರೆ ಮಾತು ಆಡುವಂತಿಲ್ಲ. ಒಳಗೆ ಹೋಗುವಂತಿಲ್ಲ, ನೀರು ಕುಡಿಯುವಂತಿಲ್ಲ. ಅವರು ನಿಂತ ಜಾಗಕ್ಕೆ ಮನೆಯವರು ಹಿಂದಿನಿಂದ ಒಂದು ತಂಬಿಗೆ ನೀರು ಚೆಲ್ಲುತ್ತಿದ್ದರು. ಸತ್ತವರದ್ದೊಂದು ವಸ್ತು ಹೆಗಲ ಮೇಲಿರಬೇಕು. ಸುತ್ತು ಮುಗಿದ ಮೇಲೆ ಅದನ್ನು ಕಡಲಿಗೆ ಬಿಡಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಹೊರಟವರು ಸುತ್ತು ಮುಗಿಯುವವರೆಗೆ ಎಲ್ಲಿಯೂ ಕೂರಬಾರದು. ಕೂತರೆ ಜೊತೆಗೆ ಬರುತ್ತಿರುವ ಸಾವೂ ಅಲ್ಲೇ ಕೂರುತ್ತದೆ, ಎದ್ದಾಗ ಸತ್ತವನನ್ನು ಬಿಟ್ಟು ಕೂತವರ ಮನೆಯ ದಾರಿ ಹಿಡಿಯುತ್ತದೆ ಎಂದು ನಂಬಿಕೆ.

ಸುತ್ತು ಮುಗಿಯಿತೆಂದರೆ ಮುಗಿಯಿತು. ಆಮೇಲೆ ಸತ್ತವನೇ ಎದುರಿಗೆ ಬಂದು ನಿಂತರೂ ಅವನು ಸತ್ತವನೇ. ಹೀಗೆಂದರೆ ಈಗಿನವರಿಗೆ ನಗು ಬಂದೀತು. ಆದರೆ ಉಪ್ಪಿನಹಳ್ಳದ ಸಣ್ಣಯ್ಯನೆಂಬವನ ಕಥೆ ಕೇಳಿದ ಮೇಲೆ ಯಾರೂ ನಗುವುದಿಲ್ಲ. ಅವನು ಗಾಳಿಗೆ ಸಿಕ್ಕು ಕಾಣೆಯಾಗಿ, ಯಾವುದೋ ಸರಕಿನ ಹಡಗಿನವರ ಕೈಗೆ ಸಿಕ್ಕು, ಮಳೆಗಾಲ ಕಳೆದು ಊರಿಗೆ ಬಂದ. ಅಷ್ಟರಲ್ಲಿ ಅವನ ಸುದ್ದಿಯ ಸುತ್ತು ಮುಗಿದಿತ್ತು. ಒಂದು ಮನೆಯ ದಣಪೆಯೂ ಅವನಿಗೆ ತೆರೆಯಲಿಲ್ಲ. ಬೆಂಕಿ ಕೊಡಲಿಲ್ಲ, ನೀರು ಕೊಡಲಿಲ್ಲ, ಮಕ್ಕಳನ್ನು ಒಳಗೆ ಎಳೆದುಕೊಂಡರು. ಹೆತ್ತತಾಯಿ ಮಗನನ್ನು ಒಳಗೆ ಕರೆಯಲಾರದೆ, ಹೊರಗೆ ಕಾಗೆಗೆ ಎಡೆ ಇಡುವ ಕಲ್ಲಿನ ಮೇಲೆ ಅನ್ನವಿಟ್ಟು ಬಾಗಿಲು ಹಾಕಿಕೊಂಡಳಂತೆ. ಅವನು ಅದನ್ನು ಉಂಡು, ಬಡಗಣ ದಾರಿ ಹಿಡಿದು ಹೋದ. ಮತ್ತೆ ಅವನನ್ನು ಕಂಡವರಿಲ್ಲ. ಹೋಗುವ ಮೊದಲು ಕೋಲುಮನೆಯ ದಣಪೆಯ ಎದುರೂ ನಿಂತು ಕುಡಿಯಲು ನೀರು ಕೇಳಿದ್ದ. ಆ ಮನೆಗೆ ಹೊಸದಾಗಿ ಬಂದ ಸೊಸೆ ಜಟ್ಟಕ್ಕ ಆಗ ಅಂಗಳದಲ್ಲೇ ಇದ್ದಳು, ಕೊಡವೂ ಸೊಂಟದ ಮೇಲೆಯೇ ಇತ್ತು. ಅವಳು ಕೊಡ ಇಳಿಸಲಿಲ್ಲ.

ಆ ಜಟ್ಟಕ್ಕನೇ ಈ ಕಥೆಯ ಹೆಂಗಸು. ಮುಂದೆ ಗಂಡ ತೀರಿಕೊಂಡು ಕೋಲು ಅವಳ ಕೈಗೆ ಬಂತು. ಮಗ ಬೀರ ಒಬ್ಬನೇ. ಅವನಿಗೆ ಕೋಲಿಗಿಂತ ಹುಟ್ಟು ಹಾಕುವುದು ಇಷ್ಟ. ಗೆಳೆಯ ದುರ್ಗಪ್ಪನ ಜೊತೆ ದೋಣಿ ನಡೆಸುತ್ತಿದ್ದ. ಬೀರ ಮತ್ತು ದುರ್ಗಪ್ಪ ಒಂದೇ ಬಟ್ಟಲಲ್ಲಿ ಗಂಜಿ ಉಂಡು ಬೆಳೆದವರು; ದುರ್ಗಪ್ಪ ಜಟ್ಟಕ್ಕನನ್ನು ದೊಡ್ಡವ್ವಿ ಎನ್ನುತ್ತಿದ್ದ, ಅವಳು ಅವನನ್ನು ಮನೆಮಗನನ್ನು ಬೈದ ಹಾಗೆ ಬೈಯುತ್ತಿದ್ದಳು. ಅವನ ಹೆಂಡತಿ ತುಳಸು ಗಾಳಿಬೇಣದವಳು, ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಹೋಗಿದ್ದಳು. ಮಳೆಗಾಲ ಕಳೆದು, ನೂಲಹುಣ್ಣಿಮೆಯ ತೆಂಗಿನಕಾಯಿ ಕಡಲಿಗೆ ಬಿಟ್ಟಾದ ಮೇಲೆ ಇಬ್ಬರೂ ಮೊದಲ ಬಲೆಗೆ ಹೋದರು. ಬರುವಾಗ ಅಳಿವೆಯ ಬಾಯಲ್ಲಿ ತೆರೆ ಎತ್ತಿ ದೋಣಿಯನ್ನು ಮಗುಚಿ ಹಾಕಿತು. ಬೀರ ದೋಣಿಯ ಕೆಳಗೆ ಸಿಕ್ಕು ಕಾಲು ಮುರಿದುಕೊಂಡು, ಆ ದೋಣಿಯನ್ನೇ ಅಪ್ಪಿ ಹಿಡಿದು ದಡಕ್ಕೆ ಬಂದ. ದುರ್ಗಪ್ಪ ಮುಳುಗಿದ್ದನ್ನು ನನ್ನ ಕಣ್ಣಾರೆ ಕಂಡೆ ಎಂದು ಹೇಳಿ ಅತ್ತ. ಆ ರಾತ್ರಿಯೇ ಅವನಿಗೆ ಜ್ವರ ಏರಿತು.

ಕೇರಿಯವರು ಹುಡುಕಲಿಲ್ಲ ಎಂದಲ್ಲ. ದೋಣಿಗಳೆಲ್ಲ ಇಳಿದವು. ಆದರೆ ಇಲ್ಲೊಂದು ತಪ್ಪು ನಡೆಯಿತು, ಕಡಲನ್ನು ಚೆನ್ನಾಗಿ ಬಲ್ಲವರು ಮಾತ್ರ ಮಾಡಬಹುದಾದ ತಪ್ಪು. ಅಳಿವೆಯಲ್ಲಿ ಮುಳುಗಿದ ಹೆಣ ಯಾವಾಗಲೂ ತೆಂಕಣ ದಿಕ್ಕಿಗೇ ಹೋಗುತ್ತದೆ, ಮರುದಿನದ ಇಳಿತಕ್ಕೆ ತೆಂಕಣ ಮರಳಿಗೇ ಬಂದು ಬೀಳುತ್ತದೆ. ಅಜ್ಜನ ಅಜ್ಜನ ಕಾಲದಿಂದ ಕಂಡದ್ದು ಅದು. ಹಾಗಾಗಿ ಎಲ್ಲರೂ ತೆಂಕಣಕ್ಕೇ ಹೋದರು. ಅವರು ಹುಡುಕಿದ್ದು ಹೆಣವನ್ನು, ಆದ್ದರಿಂದ ಹೆಣ ಹೋಗುವ ಕಡೆಗೇ ಹುಡುಕಿದರು. ಬದುಕಿದ್ದವನು ಕೈಕಾಲು ಬಡಿಯುತ್ತಾನೆ, ತನಗೆ ಬೇಕಾದ ಕಡೆ ಈಜುತ್ತಾನೆ ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮರುದಿನದ ಇಳಿತ ಕಳೆಯಿತು, ಹೆಣ ಸಿಗಲಿಲ್ಲ. ಹಿರಿಯರು ಕೂತು ಮಾತಾಡಿ, ಸುದ್ದಿ ಹೊರಡಲಿ ಎಂದರು.

ಅದರ ಮರುದಿನ ಬೆಳಿಗ್ಗೆ ಜಟ್ಟಕ್ಕ ಕೋಲು ಹಿಡಿದು ಹೊರಟಳು. ಹೆಗಲ ಮೇಲೆ ದುರ್ಗಪ್ಪನ ದೋಣಿಯ ಕತ್ತದ ಹಗ್ಗ. ಮಗ ಚಾಪೆಯ ಮೇಲೆ ಜ್ವರದಲ್ಲಿ ನರಳುತ್ತಿದ್ದ, ಕಾಲು ಊದಿ ನೀಲಿಯಾಗಿತ್ತು. ನೆರೆಮನೆಯ ಮುದುಕಿ ಮಾಳಕ್ಕನಿಗೆ ಅವನನ್ನು ಒಪ್ಪಿಸಿ, "ಗಂಜಿ ತಿಳಿ ಒಂಚೂರ್ ಕುಡ್ಸೆ, ಬ್ಯಾಡ ಅಂದ್ರೆ ಮೂಗ್ ಹಿಡ್ಕಂಡ್ ಕುಡ್ಸು" ಎಂದು ಹೇಳಿದಳು. ಅದೇ ಕೊನೆಯ ಮಾತು. ದಣಪೆ ದಾಟಿದ ಮೇಲೆ ಬಾಯಿ ಕಟ್ಟಿತು. ಮುಂಡಿಗೆಗದ್ದೆಯಲ್ಲಿ ಗಳು ಬಡಿದು ಹೆಸರು ಹೇಳಿದಳು. ಉಪ್ಪಿನಹಳ್ಳದಲ್ಲಿ ಹೇಳಿದಳು. ಕೋಣನಜಡ್ಡಿಯಲ್ಲಿ ಹೇಳುವಾಗ ಗಂಟಲು ಒಣಗಿ ಹೆಸರು ಎರಡು ತುಂಡಾಗಿ ಬಂತು. ಪ್ರತಿ ಮನೆಯಲ್ಲೂ ಒಳಗಿನಿಂದ ಅಳು ಎದ್ದಿತು, ಒಲೆ ಆರಿತು, ಹಿಂದಿನಿಂದ ನೀರು ಚೆಲ್ಲಿದ ಸದ್ದು ಕೇಳಿತು. ಉಳಿದದ್ದು ಗಾಳಿಬೇಣ ಒಂದೇ. ಬಸುರಿಯ ಊರಿಗೆ ಸುದ್ದಿ ಕೊನೆಗೆ ಹೋಗುತ್ತಿರುವುದೇ ಒಂದು ಪುಣ್ಯ ಎಂದುಕೊಂಡು, ಆ ಪುಣ್ಯ ಎಷ್ಟು ಹೊತ್ತಿನದ್ದು ಎಂದೂ ಯೋಚಿಸುತ್ತ, ಅವಳು ದರೆಯ ನೆತ್ತಿ ಹತ್ತಿದಳು.

ದರೆಯ ಮೂಗಿನ ಹತ್ತಿರ ಬಂದಾಗ ಕೆಳಗಿನಿಂದ ಯಾರೋ ಕೂಗಿದರು. ಜಟ್ಟಕ್ಕ ನಿಲ್ಲಲಿಲ್ಲ. ಸುದ್ದಿಯವರನ್ನು ಪ್ರೇತ ಕರೆಯುವುದುಂಟು, ಓಗೊಡಬಾರದು ಎಂದು ಗಂಡ ಹೇಳಿಕೊಟ್ಟಿದ್ದ. ಮತ್ತೆ ಕೂಗಿತು. ಮತ್ತೂ ಕೂಗಿತು. ಕೂಗಿ ಕೂಗಿ ಸಾಕಾಗಿ ಕೊನೆಗೆ ಅದು ಬೈಯತೊಡಗಿತು: "ಯಾರೇ ಅದು ಮೇಲೆ? ಕಿಮಿ ಕೇಳೂದಿಲ್ವೆ? ಮನ್ಸರಾಗಿದ್ರೆ ಒಂದ್ ಮಾತಾದ್ರೂ ಆಡ್ರೆ!" ಪ್ರೇತ ಇಷ್ಟು ಸಿಟ್ಟು ಮಾಡುವುದಿಲ್ಲ ಎಂದು ಅವಳಿಗೆ ಅನ್ನಿಸಿತಂತೆ. ಕೋಲು ಕೆಳಗಿಟ್ಟು, ಅಂಚಿಗೆ ಬೋರಲು ಮಲಗಿ ಇಣುಕಿದಳು. ಕೆಳಗೆ, ತೆರೆ ಒಡೆಯುವ ಜಾಗಕ್ಕಿಂತ ಸ್ವಲ್ಪ ಮೇಲೆ, ಬಂಡೆಯ ಒಂದು ಚಾಚಿನಲ್ಲಿ ದುರ್ಗಪ್ಪ ಅಂಟಿಕೊಂಡು ನಿಂತಿದ್ದ. ಉಪ್ಪು ಹತ್ತಿ ಮುಖ ಬೆಳ್ಳಗಾಗಿತ್ತು, ಅಂಗೈಯ ಚರ್ಮ ಎದ್ದುಹೋಗಿತ್ತು. ಮೇಲೆ ಅವಳ ತಲೆ ಕಂಡದ್ದೇ, ನೀರು ಕೇಳಲಿಲ್ಲ, ಎತ್ತು ಎನ್ನಲಿಲ್ಲ.

"ದೊಡ್ಡವ್ವೀ, ಬೀರ ಬದ್ಕಿದ್ನಾ?" ಎಂದು ಕೇಳಿದ.

ಜಟ್ಟಕ್ಕನಿಗೆ ತಡೆಯಲಾಗಲಿಲ್ಲ. ಸುದ್ದಿಯ ಬಾಯಿ ತೆರೆದುಬಿಟ್ಟಳು. "ಬೀರ ಬದ್ಕಿದ್ದಾ ಮಾರಾಯ. ಸತ್ತದ್ದು ನೀನು. ಮೂರ್ ಊರಿಗೆ ಹೇಳ್ಕಂಡ್ ಬಂದೆ."

ಕೆಳಗೆ ಒಂದು ತೆರೆ ಒಡೆದು ಹಿಂದಕ್ಕೆ ಹೋಯಿತು. "ತುಳಸುಗೆ?" ಎಂದ.

"ಇನ್ನೂ ಹೇಳ್ಲಿಲ್ಲಾ."

ಅವನು ತೋಳಿನಿಂದ ಮುಖ ಒರೆಸಿಕೊಂಡು, ಹಗ್ಗ ಉಂಟೇ ಎಂದು ಕೇಳಿದ. "ಉಂಟು," ಎಂದಳು ಅವಳು, "ನಿಂದೇ."

ಹಗ್ಗ ಇಳಿಬಿಟ್ಟಳು. ಅದು ಅವನ ಕೈಗೆ ಎಟುಕಿತು. ಅರ್ಧದವರೆಗೆ ಕಾಲಿಡಲು ಸಂದುಗಳಿದ್ದವು, ಮೇಲಿನ ಅರ್ಧ ಮಾತ್ರ ನುಣುಪು. ಅಲ್ಲಿ ಹಗ್ಗಕ್ಕೇ ಜೋತು ಬರಬೇಕು. ಕಟ್ಟಲು ದರೆಯ ಮೇಲೆ ಮರವಿಲ್ಲ, ಕಲ್ಲಿನ ಕೊಂಬಿಲ್ಲ, ಗಾಳಿಗೆ ಹುಲ್ಲೂ ನಿಲ್ಲದ ಬಂಡೆ ಅದು. ಜಟ್ಟಕ್ಕ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತು ಎಳೆದು ನೋಡಿದಳು. ಅವನ ಭಾರ ಬಿದ್ದದ್ದೇ ತಡ ಅಂಗಾಲು ಜಾರಿ ಅಂಚಿನ ಕಡೆಗೆ ಸರಿದುಹೋದಳು. ಇನ್ನೊಮ್ಮೆ ನೋಡಿದಳು, ಇನ್ನೂ ಸರಿದಳು. ನಿಂತರೆ ಇಬ್ಬರೂ ಕಡಲಿಗೆ. ಕೂತು, ಹಿಮ್ಮಡಿಯನ್ನು ಕಲ್ಲಿಗೆ ಒತ್ತಿ, ಬೆನ್ನು ಹಿಂದಕ್ಕೆ ಬಿಟ್ಟು ಎಳೆದರೆ ತಡೆದೀತು. ಅದು ಅವಳಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೇ ನಿಂತು ನೋಡಿದ್ದಳು.

ಇಲ್ಲಿ ಕಥೆ ಹೇಳುವವರು ಸಾಮಾನ್ಯವಾಗಿ ಸ್ವಲ್ಪ ನಿಲ್ಲಿಸುತ್ತಾರೆ. ಕೂರುವುದೆಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಯಲ್ಲಿ ಚಾಪೆಯ ಮೇಲೆ ಬೀರ ಇದ್ದ, ಊದಿದ ಕಾಲು, ಸುಡುವ ಹಣೆ. ಸಾವು ಹೆಚ್ಚು ದೂರ ನಡೆಯಬೇಕಾಗಿಯೂ ಇರಲಿಲ್ಲ, ಅರ್ಧ ಒಳಗೇ ಬಂದು ನಿಂತಿತ್ತು. ಕೋಲು ಎತ್ತಿಕೊಂಡು ನಡೆದುಬಿಟ್ಟರೆ ಯಾರೂ ಕಂಡವರಿಲ್ಲ. ಗಾಳಿ ಜೋರಾಗಿತ್ತು, ಏನೂ ಕೇಳಲಿಲ್ಲ ಎಂದುಕೊಂಡರೆ ಆಯಿತು. ಸುದ್ದಿ ಮೊದಲೇ ಹೇಳಿಯಾಗಿದೆ, ಕಡಲು ಅದನ್ನು ನಿಜ ಮಾಡಿಕೊಳ್ಳುತ್ತದೆ. ಅವಳು ಕೋಲನ್ನು ಮುಟ್ಟಿಯೂ ನೋಡಿದಳಂತೆ. ಅವಳನ್ನು ತಡೆದದ್ದು ಧರ್ಮಕರ್ಮದ ಯೋಚನೆಯಲ್ಲ. ಎಷ್ಟೋ ವರ್ಷದ ಹಿಂದೆ ತನ್ನ ಸೊಂಟದ ಮೇಲಿದ್ದ ಕೊಡ ನೆನಪಾಯಿತು, ಅದರಲ್ಲಿ ನೀರು ತುಳುಕಿದ ಸದ್ದು ನೆನಪಾಯಿತು, ದಣಪೆಯ ಆಚೆ ನಿಂತು ಆ ಸದ್ದನ್ನೇ ಕೇಳುತ್ತಿದ್ದ ಸಣ್ಣಯ್ಯನ ಮುಖ ನೆನಪಾಯಿತು. ಇನ್ನೊಮ್ಮೆ ಅದು ತನ್ನ ಕೈಯಲ್ಲಾಗದು ಎಂದು ಅವಳಿಗೆ ತಿಳಿಯಿತು.

"ಕೂತ್ಕಂತೆ," ಎಂದಳು, ದುರ್ಗಪ್ಪನಿಗಲ್ಲ, ಹಿಂದೆ ನಿಂತಿದೆಯೆಂದು ಅವಳು ನಂಬಿದ್ದ ಸಾವಿಗೆ. "ನನ್ ಮನೀಗೆ ಬತ್ತೆ ಅಂದ್ರೆ ಬಾ. ನಿನ್ನ ತಡ್ಯೂಕೆ ನಾ ಯಾರು? ಇಂವನ್ನ ಮಾತ್ರ ಬಿಡು."

ಮತ್ತು ಕೂತಳು.

ಎರಡು ಹಿಮ್ಮಡಿ ಮುರಕಲ್ಲಿಗೆ ಒತ್ತಿ, ಹಗ್ಗ ಸೊಂಟವನ್ನು ಕೊಯ್ಯುತ್ತಿದ್ದರೂ ಬಿಡದೆ, ಬಾಯಿಗೆ ಬಂದಂತೆ ಬೈಯುತ್ತ ಅವಳು ಎಳೆದಳು. ದುರ್ಗಪ್ಪನನ್ನು ಬೈದಳು, ಅವನಿಗೆ ಈಜು ಕಲಿಸಿದವರನ್ನು ಬೈದಳು, ತೆಂಕಣಕ್ಕೆ ಹೋದ ದೋಣಿಗಳನ್ನೂ ಹಿರಿಯರನ್ನೂ ಬೈದಳು. ಬೈಗುಳ ಮುಗಿಯುವ ಹೊತ್ತಿಗೆ ಅವನ ತಲೆ ಅಂಚಿನ ಮೇಲೆ ಕಂಡಿತು. ಮೇಲೆ ಬಂದವನು ಬಂಡೆಯ ತಗ್ಗಿನಲ್ಲಿ ನಿಂತ ಮಳೆನೀರಿಗೆ ಬಾಯಿ ಹಚ್ಚಿ ಕುಡಿದ.

ಅಲ್ಲಿಂದ ಮನೆಗೆ ಹತ್ತಿರದ ದಾರಿ ಮುಂದಕ್ಕೆ. ಗಾಳಿಬೇಣ ದಾಟಿ ಇಳಿದರೆ ಹೊಯ್ಗೆಕೇರಿ ಕಾಲಬುಡದಲ್ಲಿ. ಜಟ್ಟಕ್ಕನ ಜೀವವೆಲ್ಲ ಆ ಕಡೆಗೇ ಎಳೆಯುತ್ತಿತ್ತು. ಆದರೆ ಸುದ್ದಿಯ ಕೋಲು ಆ ದಾರಿಯಲ್ಲಿ ಇಳಿದರೆ ಸುತ್ತು ಕೂಡಿಬಿಡುತ್ತದೆ, ದುರ್ಗಪ್ಪ ಇನ್ನೊಬ್ಬ ಸಣ್ಣಯ್ಯನಾಗುತ್ತಾನೆ. ಹೇಳಿದ ಸುದ್ದಿಯನ್ನು ಹೇಳಿದ ಕೋಲೇ ಹಿಂದಕ್ಕೆ ತರಬೇಕು, ಹೇಳಿದ ದಣಪೆಗಳಿಂದಲೇ ತರಬೇಕು. ದುರ್ಗಪ್ಪ ಅವಳ ಮನಸ್ಸನ್ನು ಅರಿತವನಂತೆ, "ಕೋಲ್ ನಂಗೆ ಕೊಡು ದೊಡ್ಡವ್ವಿ, ನಾ ಒಬ್ನೇ ಹೋತೆ. ನೀ ಬೀರನ ಹತ್ರ ಹೋಗು" ಎಂದ. ಸತ್ತವನೇ ಬಂದು ನಾನು ಸತ್ತಿಲ್ಲ ಎಂದರೆ ನಂಬುವವರು ಯಾರು? ಅವಳು ಕೋಲು ಎತ್ತಿಕೊಂಡು ಬಂದ ದಾರಿಗೇ ತಿರುಗಿ ನಡೆದಳು. ಮಗನಿಂದ ದೂರ ದೂರವಾಗುತ್ತ ನಡೆದಳು. ಆ ದಿನದ ನಡಿಗೆಯಲ್ಲಿ ಅವಳಿಗೆ ಕಷ್ಟವಾದದ್ದು ಕೂತದ್ದಲ್ಲ, ಇದು ಎಂದು ಗಾಳಿಬೇಣದ ಹೆಂಗಸರು ಇಂದಿಗೂ ಹೇಳುತ್ತಾರೆ.

ಕೋಣನಜಡ್ಡಿಯಲ್ಲಿ ಅವರಿಬ್ಬರನ್ನು ಕಂಡು ಬಾಗಿಲುಗಳು ಪಟಪಟನೆ ಮುಚ್ಚಿದವು. ಜಟ್ಟಕ್ಕ ದಣಪೆ ಬಡಿದು, "ಕೊಟ್ಟ ಸುದ್ದಿ ವಾಪಾಸ್ ತಕ್ಕಂಡೆ. ಮುಟ್ಟಿ ನೋಡ್ರೆ, ಬೆಚ್ಚಗೆ ಇದ್ದಾ!" ಎಂದು ಕೂಗಿದಳು. ಒಬ್ಬ ಮುದುಕ ಧೈರ್ಯ ಮಾಡಿ ಹೊರಬಂದು ದುರ್ಗಪ್ಪನ ಕೈ ಮುಟ್ಟಿದ, ಮೂಸಿಯೂ ನೋಡಿದನಂತೆ. ಆಮೇಲೆ ನಗು, ಅಳು, ಬೆಲ್ಲ, ನೀರು. ಹೇಗೆ ಸಿಕ್ಕಿದ, ಹೇಗೆ ಎಳೆದೆ ಎಂದು ಕೇಳಿದರು. ಅವಳು ಮುಚ್ಚಿಡಲಿಲ್ಲ. "ಕೂತ್ಕಂಡೆ" ಎಂದಳು. ನಗು ಅಲ್ಲಿಗೇ ನಿಂತಿತು. ಬೀರನಿಗೆ ಜ್ವರವೆಂಬುದು ಅಷ್ಟರಲ್ಲಿ ಈ ಮೂರು ಊರಿಗೂ ಗೊತ್ತಾಗಿತ್ತು. ಅವಳು ಬೆನ್ನು ತಿರುಗಿಸಿ ಹೊರಟಾಗ ಹಿಂದಿನಿಂದ ನೀರು ಚೆಲ್ಲಿದ ಸದ್ದು ಕೇಳಿತು. ದುರ್ಗಪ್ಪನಿಗಾಗಿ ಚೆಲ್ಲಿದ್ದಲ್ಲ ಅದು ಎಂದು ಅವಳಿಗೆ ಅರ್ಥವಾಯಿತು. ಉಪ್ಪಿನಹಳ್ಳದಲ್ಲೂ ಹಾಗೆಯೇ, ಮುಂಡಿಗೆಗದ್ದೆಯಲ್ಲೂ ಹಾಗೆಯೇ: ಮೊದಲು ಹೆದರಿಕೆ, ಆಮೇಲೆ ಸಂತೋಷ, ಕೊನೆಗೆ ಅವಳ ಮುಖವನ್ನು ನೋಡಲಾಗದೆ ಬೇರೆಲ್ಲೋ ನೋಡುವ ಕಣ್ಣುಗಳು. ಒಬ್ಬೊಬ್ಬರೂ ಅವಳ ಮಗನಿಗೆ ಆಗಲೇ ಸೂತಕ ಹಿಡಿದಂತೆ ಮೆಲ್ಲಗೆ ಮಾತಾಡಿದರು. ಹೊತ್ತು ಮುಳುಗುವಾಗ ಹೊಯ್ಗೆಕೇರಿ ಮುಟ್ಟಿದಳು. ದುರ್ಗಪ್ಪ ತನ್ನ ಮನೆಯ ದಣಪೆಯನ್ನೊಮ್ಮೆ ಮುಟ್ಟಿ, ಬೀರನ ಬಾಗಿಲಲ್ಲಿ ನಿಂತು ಅತ್ತು, ತುಳಸುವಿಗೆ ಬೇರೆ ಯಾರ ಬಾಯಿಂದಲೂ ಸುದ್ದಿ ಮುಟ್ಟುವ ಮೊದಲು ಎಂದು ಗಾಳಿಬೇಣದ ದಾರಿ ಹತ್ತಿದ.

ಬೀರನ ಜ್ವರ ಇಳಿದಿರಲಿಲ್ಲ. ಕಣ್ಣು ತೆರೆದಿದ್ದರೂ ತಾಯಿಯ ಗುರುತು ಹತ್ತಲಿಲ್ಲ. ಮಾಳಕ್ಕ ಏನೂ ಕೇಳದೆ ಎದ್ದುಹೋದಳು. ಜಟ್ಟಕ್ಕ ಕೂತ ಸುದ್ದಿ ಅವಳಿಗೂ ಮುಟ್ಟಿತ್ತು. ಜಟ್ಟಕ್ಕ ಬಾಗಿಲಿಗೆ ಅಡ್ಡವಾಗಿ ಕೂತು ಬೆಳಗು ಮಾಡಿದಳು. ಬಂದರೆ ತನ್ನನ್ನು ದಾಟಿಯೇ ಬರಲಿ ಎಂದು.

ಬೆಳಕು ಹರಿದ ಮೇಲೆ, ಮಗನ ಹಣೆಗೆ ಹಾಕಲು ತಣ್ಣೀರು ತರಲೆಂದು ಕೊಡ ಎತ್ತಿಕೊಂಡು ಅಂಗಳಕ್ಕೆ ಬಂದಳು. ಕೋಲುಮನೆಯ ಅಂಗಳದಿಂದ ದರೆಯ ಮೂಗು ನೇರ ಕಾಣುತ್ತಿತ್ತು. ಅದರ ಮೇಲೆ ಯಾರೋ ಒಬ್ಬಳು ಹೆಂಗಸು ಬರುತ್ತಿದ್ದಳು. ನಡೆಯುವ ರೀತಿಯಲ್ಲೇ ತುಂಬು ಬಸುರಿ ಎಂದು ತಿಳಿಯುತ್ತಿತ್ತು. ಮೂಗಿನ ತುದಿಗೆ ಬಂದು, ಸೊಂಟಕ್ಕೆ ಕೈಕೊಟ್ಟು, ನಿಧಾನವಾಗಿ ಅವಳು ಕೆಳಗೆ ಕೂತಳು. ಆ ಜಾಗ ಯಾವುದೆಂದು ಜಟ್ಟಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು? ತುಳಸು ಎದ್ದಳು. ಅವಳ ಹಿಂದಿನಿಂದ ಅವಳ ತಾಯಿ ಬಂದು ಕೂತಳು, ಎದ್ದಳು. ಆಮೇಲೆ ದುರ್ಗಪ್ಪ. ಆಮೇಲೆ ಗಾಳಿಬೇಣದ ಗಂಡಸರು ಹೆಂಗಸರು, ಒಬ್ಬರಾದ ಮೇಲೆ ಒಬ್ಬರು, ಕೂತು ಏಳುತ್ತಿದ್ದರು. ಬಿಸಿಲು ಏರುತ್ತಿದ್ದಂತೆ ಆಚೆ ಬದಿಯಿಂದ ಕೋಣನಜಡ್ಡಿಯವರೂ ಕಾಣಿಸಿಕೊಂಡರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಕೋಲೂರಿಕೊಂಡ ಮುದುಕರು. ಸಾಲು ದರೆಯ ನೆತ್ತಿಯುದ್ದಕ್ಕೂ ಬೆಳೆಯಿತು.

ಜಟ್ಟಕ್ಕ ಕೊಡ ಹಿಡಿದು ನಿಂತಲ್ಲೇ ನಿಂತಿದ್ದಳು. ಆಗ ಮಾಳಕ್ಕ, ನಡೆದರೆ ಮೊಣಕಾಲು ಕಟಕಟ ಎನ್ನುವ ಆ ಮುದುಕಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ತನ್ನ ಮನೆಯಿಂದ ಹೊರಬಿದ್ದಳು.

"ಮಾಳಕ್ಕ, ಅದೆಂತಾ ಅಲ್ಲಿ? ಅವ್ರಿಗೆಲ್ಲಾ ತಲೆ ಕೆಟ್ಟೋಯ್ತೆ? ಬಸ್ರಿ ಹೆಣ್ಣು, ಅಲ್ಲಿ ಕೂತ್ಕಂಬೂದಾ?"

"ತುಳಸುನೇ ಸುರು ಮಾಡದ್ದು," ಎಂದಳು ಮಾಳಕ್ಕ. "ಕೂತವ್ರ ಮನೀಗೆ ಬತ್ತದೆ ಅಲ್ದಾ ಅದು? ಎಲ್ಲಾ ಕೂತ್ಕಂಡ್ರೆ ಯಾರ್ ಮನೀಗೆ ಅಂತ ಹೋಗ್ತದೆ? ಗುರ್ತು ಸಿಕ್ಕೂಕಾಗ್ದು. ಸರಿ ಸರಿ, ದಾರಿ ಬಿಡು, ನಾನೂ ಒಂಚೂರ್ ಕೂತ್ಕಂಡ್ ಬತ್ತೆ."

ದೋಣಿ ಮಗುಚಿದ ದಿನದಿಂದ ಅತ್ತಿರದ ಜಟ್ಟಕ್ಕ ಆಗ ಅತ್ತಳು. ಕೊಡ ತುಂಬಿ ತಂದು ದಣಪೆಯ ಹೊರಗೆ, ದಾರಿಯ ಬದಿಗೆ ಇಳಿಸಿ, ದರೆಯ ಕಡೆ ಹೋಗುತ್ತಿದ್ದವರು ಕುಡಿದು ಹೋಗಲಿ ಎಂದು ತಂಬಿಗೆಯನ್ನು ಅದರ ಬಾಯಿಗೆ ಮುಚ್ಚಿಟ್ಟಳು. ಹೊಯ್ಗೆಕೇರಿಯವರು ಹೋದರು, ಮುಂಡಿಗೆಗದ್ದೆಯವರು ಹೋದರು, ಮಗ ಸಣ್ಣಯ್ಯನನ್ನು ಕಳೆದುಕೊಂಡಿದ್ದ ಉಪ್ಪಿನಹಳ್ಳದ ಆ ಮುದಿ ತಾಯಿಯನ್ನೂ ಇಬ್ಬರು ಕೈಹಿಡಿದು ಕರೆದೊಯ್ದರು. ಅವಳು ಎಲ್ಲರಿಗಿಂತ ಹೆಚ್ಚು ಹೊತ್ತು ಕೂತಿದ್ದಳಂತೆ, ಏಳು ಎಂದು ಯಾರೂ ಹೇಳಲಿಲ್ಲವಂತೆ.

ಸಾವು ಬರಲೇನೋ ಬಂತಂತೆ. ಮನೆಮನೆಯ ದಣಪೆಯಲ್ಲಿ ನಿಂತು, ಇದೇ ಇರಬೇಕು, ಅಲ್ಲ ಅದಿರಬೇಕು ಎಂದು ಲೆಕ್ಕ ತಪ್ಪಿ, ಬೇಸತ್ತು, ಬಂದ ದಾರಿಗೆ ಸುಂಕವಿಲ್ಲದಂತೆ ಹೋಯಿತು ಎನ್ನುತ್ತಾರೆ. ಹಾಗೆಂದು ಈ ಊರುಗಳಲ್ಲಿ ಆಮೇಲೆ ಯಾರೂ ಸಾಯಲಿಲ್ಲ ಎಂದಲ್ಲ. ಆದರೆ ಆ ಸಲ ಬೀರನ ಜ್ವರ ಬಿಟ್ಟಿತು. ಕಾಲು ಸೊಟ್ಟಗೆ ಕೂಡಿಕೊಂಡು ಅವನು ಬಾಳೆಲ್ಲ ಕುಂಟಿದ. ತುಳಸುವಿಗೆ ಹೆಣ್ಣು ಹುಟ್ಟಿತು, ಅದಕ್ಕೆ ಜಟ್ಟಕ್ಕನದೇ ಹೆಸರು. ದುರ್ಗಪ್ಪನ ಹಗ್ಗವನ್ನು ಕಡಲಿಗೆ ಬಿಡಲಿಲ್ಲ, ದೋಣಿಗೇ ಕಟ್ಟಿದರು. ಜಟ್ಟಕ್ಕನನ್ನು ಮಾತ್ರ ಅಂದಿನಿಂದ ಯಾರೂ ಜಟ್ಟಕ್ಕ ಎನ್ನಲಿಲ್ಲ. ಅವಳು ಕೂತವ್ವನಾದಳು, ದರೆ ಕೂತವ್ವನ ದರೆಯಾಯಿತು. ಕಟ್ಟಳೆಯೂ ಬದಲಾಯಿತು. ಆಮೇಲೆ ಕೋಲು ಹಿಡಿದು ಹೊರಟವರು ಆ ಜಾಗಕ್ಕೆ ಬಂದಾಗ ಕೂರಲೇಬೇಕು. ಕೂತು, ಗಾಳಿಯ ಸದ್ದಿನಲ್ಲಿ ಬೇರೆ ಸದ್ದೇನಾದರೂ ಉಂಟೇ ಎಂದು ಕೆಳಗೆ ಕಿವಿಗೊಟ್ಟು ಕೇಳಿ, ಯಾರೂ ಕೂಗುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುಂದಿನ ಊರಿಗೆ ಹೋಗಬೇಕು.

ಈಗ ಸುದ್ದಿಯ ಕೋಲಿ‌ಲ್ಲ, ಫೋನಿದೆ. ಕೋಲುಮನೆಯ ಜಾಗದಲ್ಲಿ ಐಸಿನ ಫ್ಯಾಕ್ಟರಿ ಎದ್ದಿದೆ. ದರೆಯ ಮೇಲಿನ ಕೂರುವ ತಗ್ಗು, ಎರಡು ಗುಳಿ ಹಾಗೆಯೇ ಇವೆ. ಕಲ್ಲಿನ ಶಾಸ್ತ್ರ ಓದಿದ ಒಬ್ಬರು ಬಂದು, ಮುರಕಲ್ಲಿನಲ್ಲಿ ಮಳೆನೀರು ನಿಂತು ನಿಂತು ಹೀಗಾಗುತ್ತದೆ ಎಂದು ವಿವರಿಸಿ ಹೋದರು. ಇರಬಹುದು. ಗಾಳಿಬೇಣದವರಿಗೂ ಒಬ್ಬಳೇ ಹೆಂಗಸಿನ ಹಿಮ್ಮಡಿಯಿಂದ ಅಷ್ಟು ಆಳವಾಯಿತು ಎಂಬ ನಂಬಿಕೆಯಿಲ್ಲ. ಕೂತವ್ವ ಕೂತಾಗ ಕಲ್ಲಿನ ಮೇಲೆ ಗೀರು ಬಿದ್ದಿತ್ತಷ್ಟೇ, ಗುಳಿ ಬಿದ್ದದ್ದು ಮರುದಿನ ಎನ್ನುತ್ತಾರೆ ಅವರು. ನಡೆಯಲು ಬಂದವರು ಅಲ್ಲಿ ಕೂರುತ್ತಾರೆ, ಬೂಟಿನ ಹಿಮ್ಮಡಿಯನ್ನು ಆ ಗುಳಿಗಳಲ್ಲಿ ಇಡುತ್ತಾರೆ, ನೀರು ಕುಡಿದು ಏಳುತ್ತಾರೆ. ಹೆಚ್ಚಿನವರಿಗೆ ಕಥೆ ಗೊತ್ತಿರುವುದಿಲ್ಲ. ಸಂಜೆ ಮುಂಡಿಗೆಗದ್ದೆಯ ಕಡೆಯಿಂದ ದಣಿದು ಬಂದು ಚಹಾದಂಗಡಿಯ ಬೆಂಚಿನ ಮೇಲೆ ಬಿದ್ದವರನ್ನು ಪಾರ್ವತಕ್ಕ ದಾರಿ ಹೇಗಿತ್ತು, ಕಡಲು ಚಂದ ಕಂಡಿತೇ ಎಂದು ಕೇಳುವುದಿಲ್ಲ. "ಕೂತ್ರಾ?" ಎಂದು ಕೇಳುತ್ತಾಳೆ. ಕೂತೆವು ಎಂದರೆ, ಈ ಊರಿನ ಯಾವುದೋ ಮನೆಯಲ್ಲಿ ಮಲಗಿರುವ ಯಾರದೋ ಮಗನ ನೆನಪಾದವಳಂತೆ ಒಂದು ಗಳಿಗೆ ಅವರ ಮುಖ ನೋಡಿ, ಆಮೇಲೆ ಲೋಟಕ್ಕೆ ಚಹಾ ಹಾಕುತ್ತಾಳೆ.